ಸರ್ಕಲ್‌ಗೆ ಬೇಕು, ತೊಟ್ಟಿಲಿಗೆ ಬೇಡವೇ ಚೆನ್ನಮ್ಮ?

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹೆಣ್ಣು ಮಕ್ಕಳಿಗೆ ಇಡಬಹುದಾದ ಹೆಸರುಗಳ ಪಟ್ಟಿ ಬಂದಿತ್ತು. ಚ ಅಕ್ಷರದಲ್ಲಿ ಚೈತ್ರಾ, ಚಾರ್ವಿ, ಚಿನ್ಮಯಿ ಎಲ್ಲ ಇದ್ದವು. ಚೆನ್ನಮ್ಮ ಇರಲಿಲ್ಲ. ಕಣ್ತಪ್ಪಿರಬೇಕು ಅಂದುಕೊಂಡು ಬೆರಳಿಟ್ಟು ಇನ್ನೊಮ್ಮೆ ಓದಿದೆ. ಆಗಲೂ ಸಿಗಲಿಲ್ಲ. ಅದಕ್ಕೇ ಈ ಪತ್ರ.

ಮೂರು ತಿಂಗಳ ಹಿಂದೆ ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅಂದರೆ ನಾನು. ನಮ್ಮಜ್ಜಿಯ ಹೆಸರು ಚೆನ್ನವ್ವ, ಅದನ್ನೇ ಇಡೋಣ ಅಂದೆ. ನಮ್ಮ ಚಿಗವ್ವ ಕೂಡಲೇ, "ಏ, ಈಗ ಯಾರ ಇಡ್ತಾರ ಆ ಹೆಸರ? ಸಾಲ್ಯಾಗ ಹುಡುಗ್ರು ನಗತಾವ" ಅಂದಳು. ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ಕೊನೆಗೆ ತಮ್ಮ ಮೊಬೈಲ್‌ನಲ್ಲಿ ಹುಡುಕಿ ಒಂದು ಹೆಸರು ತೆಗೆದ. ಅದರ ಅರ್ಥ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಾನು ಬಗ್ಗಿ "ಕುರ್ರ್" ಅಂದು ಆ ಹೆಸರನ್ನೇ ಹೇಳಿದೆ. ಆಮೇಲೆ ಮೆಲ್ಲಗೆ "ಚೆನ್ನವ್ವ" ಅಂತಲೂ ಹೇಳಿದೆ. ಅದು ಕೂಸಿಗೆ ಮತ್ತು ನನಗೆ ಬಿಟ್ಟು ಯಾರಿಗೂ ಕೇಳಿಸಲಿಲ್ಲ.

ನಗುವಂಥದ್ದು ಆ ಹೆಸರಿನಲ್ಲಿ ಏನಿದೆ? ಚೆನ್ನ ಅಂದರೆ ಚೆಲುವು, ಸೊಗಸು, ಒಳ್ಳೆಯದು. ಎದುರು ಸಿಕ್ಕವರನ್ನು "ಚೆನ್ನಾಗಿದ್ದೀರಾ" ಅಂತ ಕೇಳುತ್ತೇವಲ್ಲ, ಅದೇ ಮಾತು. (ಧಾರವಾಡದವರು "ಆರಾಮ ಇದ್ದೀರೇನ್ರಿ" ಅನ್ನುತ್ತೇವೆ, ಅದು ಬೇರೆ.) ಬೇಲೂರಿನ ದೇವರು ಚೆನ್ನಕೇಶವ. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ತನ್ನ ದೇವರನ್ನು ಕರೆದದ್ದು ಚೆನ್ನಮಲ್ಲಿಕಾರ್ಜುನ ಅಂತ. ದೇವರನ್ನು ಮುದ್ದಿನಿಂದ ಕರೆಯಲು ಬಳಸಿದ ಮಾತಿಗೆ ಅಮ್ಮ ಸೇರಿದರೆ ಚೆನ್ನಮ್ಮ, ಅವ್ವ ಸೇರಿದರೆ ಚೆನ್ನವ್ವ.

ಇನ್ನು ಈ ಹೆಸರು ಹೊತ್ತ ಹೆಣ್ಣುಮಕ್ಕಳನ್ನು ನೋಡಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದರು. ನೂರು ವರ್ಷದ ನಂತರ ಕೆಳದಿಯಲ್ಲಿ ಇನ್ನೊಬ್ಬ ಚೆನ್ನಮ್ಮ ಬಂದಳು. ಗಂಡ ಸತ್ತ ಮೇಲೆ ಸುಮಾರು 25 ವರ್ಷ ರಾಜ್ಯ ನಡೆಸಿದಳು. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟಳು. ಅದರಿಂದ ಮೊಘಲರು ತನ್ನ ಮೇಲೇ ಬೀಳುತ್ತಾರೆ ಅಂತ ಗೊತ್ತಿದ್ದೂ ಕೊಟ್ಟಳು.

ಕಿತ್ತೂರಿನವಳ ಕಥೆ ಎಲ್ಲರಿಗೂ ಗೊತ್ತು. ಆದರೂ ಹೇಳದೆ ಇರಲಾರೆ. ಬೆಳಗಾವಿ ಹತ್ತಿರದ ಕಾಕತಿಯಲ್ಲಿ ಹುಟ್ಟಿದವಳು. ದತ್ತು ಮಗನನ್ನು ಬ್ರಿಟಿಷರು ಒಪ್ಪದಿದ್ದಾಗ ತಿರುಗಿಬಿದ್ದಳು. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ಅವಳು ತೀರಿಕೊಂಡಳು.

ಅವಳ ಹೆಸರನ್ನು ನಾವು ಎಲ್ಲೆಲ್ಲಿ ಇಟ್ಟಿಲ್ಲ? ಹುಬ್ಬಳ್ಳಿಯ ಸರ್ಕಲ್‌ಗೆ ಇಟ್ಟೆವು, ಬೆಂಗಳೂರಿನ ರೈಲಿಗೆ ಇಟ್ಟೆವು, 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಇಟ್ಟೆವು. 2007ರಲ್ಲಿ ಸಂಸತ್ತಿನ ಆವರಣದಲ್ಲಿ ಅವಳ ಪ್ರತಿಮೆ ನಿಂತಿತು. ಸ್ವಂತ ಮಗಳಿಗೆ ಇಡು ಅಂದರೆ ಮಾತ್ರ ಹಳೇ ಹೆಸರು ಅನ್ನುತ್ತೇವೆ.

ನಾನು ಚಿಕ್ಕವಳಿದ್ದಾಗ ನಮ್ಮ ಓಣಿ ಒಂದರಲ್ಲೇ ಮೂವರು ಚೆನ್ನವ್ವಗಳಿದ್ದರು. ಗುರುತಿಗೆ ದೊಡ್ಡ ಚೆನ್ನವ್ವ, ಸಣ್ಣ ಚೆನ್ನವ್ವ, ಕಟ್ಟಿಮನಿ ಚೆನ್ನವ್ವ ಅನ್ನುತ್ತಿದ್ದೆವು. ಸಂಜೆ ಯಾರಾದರೂ "ಚೆನ್ನವ್ವಾ" ಅಂತ ಕೂಗಿದರೆ ಮೂರು ಬಾಗಿಲಿಂದ "ಓ" ಬರುತ್ತಿತ್ತು. ನಮ್ಮಜ್ಜಿಯ ಹಿತ್ತಾಳೆ ಕೊಡದ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಆ ಹೆಸರು ಕೊರೆಸಿದ್ದರು. ಓದು ಬಾರದ ಅಜ್ಜಿ, ಮದುವೆ ಮನೆಯ ಪಾತ್ರೆ ರಾಶಿಯಲ್ಲೂ ಅದರ ಮೇಲೆ ಬೆರಳಾಡಿಸಿ ತನ್ನ ಕೊಡ ಯಾವುದು ಅಂತ ಕಂಡುಹಿಡಿಯುತ್ತಿದ್ದಳು. ಆ ಕೊಡ ಈಗ ನನ್ನ ಅಡುಗೆಮನೆಯಲ್ಲಿದೆ. ಓಣಿಯಲ್ಲಿ ಈಗ ಆ ಹೆಸರಿನವರು ಒಬ್ಬರೂ ಉಳಿದಿಲ್ಲ.

ಅಮ್ಮ ಅನ್ನುವುದು ಚಿಕ್ಕ ಹುಡುಗಿಗೆ ಭಾರ ಅಂತ ಕೆಲವರು ಹೇಳುತ್ತಾರೆ. ಮನೆಯಲ್ಲಿ ಚೆನ್ನಿ ಅನ್ನಿ, ಚೆನ್ನು ಅನ್ನಿ. ಇವತ್ತು ಜಾಸ್ತಿ ಇಡುವ ಎರಡಕ್ಷರದ ಹೆಸರುಗಳಿಗಿಂತ ಅದೇನು ಕಡಿಮೆ ಮುದ್ದಾಗಿದೆಯೇ? ದೊಡ್ಡವಳಾದ ಮೇಲೆ ಪೂರ್ತಿ ಹೆಸರು ಅವಳಿಗಾಗಿ ಕಾಯುತ್ತಿರುತ್ತದೆ.

ನನ್ನದು ಒಂದೇ ಕೋರಿಕೆ. ಮುಂದಿನ ಸಲ ಪಟ್ಟಿ ಮಾಡುವಾಗ ಚ ಸಾಲಿನಲ್ಲಿ ಚೆನ್ನಮ್ಮನನ್ನೂ ಸೇರಿಸಿ. ಅರ್ಥ ಬರೆಯಲು ಜಾಸ್ತಿ ಜಾಗ ಬೇಕಿಲ್ಲ. ಚೆಲುವೆ, ಒಳ್ಳೆಯವಳು ಅಂತ ಹಾಕಿದರೆ ಸಾಕು.

ಇಂತಿ,
ಚೆನ್ನವ್ವನ ಮೊಮ್ಮಗಳು
ಧಾರವಾಡ