ನರದ ನೋವಿಗೆ ‘ಶಾಖ ಕೊಡಿ’ ಎಂದರೆ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಕೈಕಾಲು ಉರಿ, ಜೋಮು, ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ ನೋವು), ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವು ಇವುಗಳ ಬಗ್ಗೆ ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಆಗಾಗ ಲೇಖನಗಳು ಬರುತ್ತವೆ. ಕಾರಣ, ಪರೀಕ್ಷೆ, ಔಷಧ ಎಲ್ಲವನ್ನೂ ವಿವರವಾಗಿ ಬರೆಯುತ್ತಾರೆ. ಕೊನೆಯ ಪ್ಯಾರಾಕ್ಕೆ ಬಂದಾಗ ಮಾತ್ರ ‘ಬಿಸಿ ಶಾಖ ಕೊಡಿ, ಮಸಾಜ್ ಮಾಡಿ, ಲಘು ವ್ಯಾಯಾಮ ಮಾಡಿ, ಚೆನ್ನಾಗಿ ನಿದ್ದೆ ಮಾಡಿ’ ಎಂದು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ. ಮಾತ್ರೆಗೆ ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎಂದು ಹೇಳುವವರು ಶಾಖಕ್ಕೆ ಎಷ್ಟು ಡಿಗ್ರಿ, ಎಷ್ಟು ನಿಮಿಷ ಎಂದು ಹೇಳುವುದಿಲ್ಲ. ಸ್ನಾಯು ಹಿಡಿದುಕೊಂಡವರಿಗೆ ಆ ಒಂದು ಸಾಲು ಸಾಕು. ನರದ ನೋವಿದ್ದವರಿಗೆ ಅದೇ ಸಾಲು ಪಾದದಲ್ಲಿ ಬೊಬ್ಬೆ ಎಬ್ಬಿಸಬಲ್ಲದು. ಹೀಗೆ ಬಿಟ್ಟುಹೋಗುವ ವಿವರಗಳಿಗಾಗಿ ಈ ಪತ್ರ.

ಉಳುಕಿದ ಕಾಲಿನಲ್ಲಿ ಪೆಟ್ಟಾದ ಜಾಗದ ಸುದ್ದಿಯನ್ನು ನರ ಸರಿಯಾಗಿಯೇ ಒಯ್ಯುತ್ತದೆ. ನರದ ನೋವಿನಲ್ಲಿ ಸುದ್ದಿ ಒಯ್ಯುವ ನರವೇ ಕೆಟ್ಟಿರುತ್ತದೆ. ಹಾಗಾಗಿ ಗಾಯವಿಲ್ಲದೆಯೂ ಉರಿ, ಕರೆಂಟ್ ಹೊಡೆದಂಥ ಸೆಳೆತ, ಸೂಜಿ ಚುಚ್ಚಿದಂಥ ಅನುಭವ. ವಿಚಿತ್ರವೆಂದರೆ ಉರಿಯುವ ಜಾಗವೇ ಮರಗಟ್ಟಿಯೂ ಇರಬಹುದು. ಒಳಗಿನಿಂದ ಬೆಂಕಿ, ಹೊರಗಿನ ಬಿಸಿ ಮಾತ್ರ ತಿಳಿಯದು. ಶಾಖದಿಂದ ಆಗುವ ಅನಾಹುತಗಳಿಗೆಲ್ಲ ಮೂಲ ಇಲ್ಲಿದೆ.

60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಅದು ಎಲ್ಲರಿಗೂ ಗೊತ್ತು. 44 ಡಿಗ್ರಿಯಷ್ಟೇ ಇರುವ ಶಾಖವೂ ಗಂಟೆಗಟ್ಟಲೆ ಒಂದೇ ಕಡೆ ತಾಗಿಕೊಂಡಿದ್ದರೆ ಸುಡುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಹಿತವೆನಿಸುವ ಬಿಸಿನೀರಿನ ಚೀಲವನ್ನು ಕಾಲಡಿ ಇಟ್ಟುಕೊಂಡು ನಿದ್ದೆ ಹೋದವರ ಹಿಮ್ಮಡಿ ಬೆಳಿಗ್ಗೆ ಬೊಬ್ಬೆ ಎದ್ದಿರುವುದು ಇದರಿಂದಲೇ. ಶಾಖ ಬೇಕಿದ್ದರೆ ಸ್ಪರ್ಶ ಸರಿಯಾಗಿರುವ ಜಾಗಕ್ಕೆ ಮಾತ್ರ ಕೊಡಬೇಕು. ಸಯಾಟಿಕಾದಲ್ಲಿ ಬಿಗಿದುಕೊಂಡ ಸೊಂಟ, ಪೃಷ್ಠದ ಸ್ನಾಯುಗಳಿಗೆ ಕೊಡಬಹುದು, ಜೋಮು ಹಿಡಿದ ಪಾದಕ್ಕೆ ಬೇಡ. ಚೀಲಕ್ಕೆ ಎರಡು ಮಡಿಕೆ ಟವೆಲ್ ಸುತ್ತಿ, 15 ನಿಮಿಷಕ್ಕೆ ಅಲಾರಂ ಇಟ್ಟು, ನಡುವೆ ಒಮ್ಮೆ ಎತ್ತಿ ಚರ್ಮ ನೋಡಬೇಕು. ತೆಳುಗೆಂಪು ಸರಿ, ಕಡುಗೆಂಪು ಅಥವಾ ಮಚ್ಚೆಮಚ್ಚೆ ಕಂಡರೆ ತೆಗೆಯಬೇಕು. ಚೀಲದ ಮೇಲೆ ಮಲಗಬಾರದು, ಮೈಭಾರ ಬಿದ್ದ ಕಡೆ ರಕ್ತ ಓಡದೆ ಬಿಸಿ ಅಲ್ಲೇ ನಿಲ್ಲುತ್ತದೆ. ಸ್ನಾನದ ನೀರು 37ರಿಂದ 38 ಡಿಗ್ರಿ ಇದ್ದರೆ ಸಾಕು. ನೀರನ್ನು ಥರ್ಮಾಮೀಟರ್‌ನಿಂದ ಅಳೆಯಬೇಕು. ಇಲ್ಲವಾದರೆ ಮೊಣಕೈಯಿಂದ, ಅಥವಾ ಮನೆಯ ಬೇರೆಯವರ ಕೈಯಿಂದ ನೋಡಿಸಬೇಕು. ಜೋಮು ಹಿಡಿದ ಬೆರಳನ್ನು ಅದ್ದಿ ನೋಡಿದರೆ ಉತ್ತರ ತಪ್ಪೇ ಬರುತ್ತದೆ. ಮಧುಮೇಹಿಗಳಂತೂ ಪಾದ ಮುಳುಗಿಸಿ ಕೂರುವ ಅಭ್ಯಾಸವನ್ನೇ ಕೈಬಿಡುವುದು ಒಳ್ಳೆಯದು.

ಇನ್ನು ತಂಪು. ಪಾದದ ಉರಿಗೆ ಐಸ್ ನೀರಿನ ಬಕೆಟ್ ತಕ್ಷಣ ಸುಖ ಕೊಡುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಕಾಲು ಹೊರತೆಗೆದ ಸ್ವಲ್ಪ ಹೊತ್ತಿಗೆ ಕುಗ್ಗಿದ್ದ ರಕ್ತನಾಳಗಳು ಅರಳಿ ಉರಿ ಮರಳುತ್ತದೆ, ಮತ್ತೆ ಬಕೆಟ್ ಬೇಕಾಗುತ್ತದೆ. ದಿನಕ್ಕೆ ಹಲವು ಸಲ ಹೀಗಾದರೆ ಚರ್ಮ ನೆನೆದು ಮೆತ್ತಗಾಗಿ, ಬೆರಳ ಸಂದಿ ಬಿರಿದು ಸೋಂಕಿಗೆ ದಾರಿಯಾಗುತ್ತದೆ. ಐಸ್ ಬದಲು ಸಾಮಾನ್ಯ ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯನ್ನು ಪಾದದ ಮೇಲೆ 10 ನಿಮಿಷ ಹಾಕಿ, ಫ್ಯಾನ್ ಗಾಳಿ ತಾಗುವಂತೆ ಕುಳಿತು, ನಂತರ ಬೆರಳ ಸಂದಿಗಳನ್ನು ಒತ್ತಿ ಒರೆಸಿಕೊಳ್ಳಬೇಕು. ಕಾಲಿನ ರಕ್ತಸಂಚಾರ ಕಡಿಮೆ ಇರುವವರಿಗೂ, ಚಳಿಗೆ ಬೆರಳು ಬಿಳಚಿಕೊಳ್ಳುವವರಿಗೂ ಐಸ್ ಸಲ್ಲದು.

ಸ್ಪರ್ಶದ ವಿಷಯದಲ್ಲೂ ರೂಢಿಯ ಬುದ್ಧಿ ಕೈಕೊಡುತ್ತದೆ. ಗಟ್ಟಿಯಾಗಿ ಹಿಡಿದರೆ ಸಹಿಸಿಕೊಳ್ಳುವ ಕಾಲು, ಹೊದಿಕೆಯ ಅಂಚು ಸವರಿದರೆ ಬೆಚ್ಚಿ ಬೀಳುತ್ತದೆ. ಹಗುರ ಸ್ಪರ್ಶದ ಸುದ್ದಿ ಒಯ್ಯುವ ತಂತುಗಳ ಸಂದೇಶವನ್ನು ಬೆನ್ನುಹುರಿ ನೋವೆಂದು ಓದತೊಡಗಿರುತ್ತದೆ. ಆದ್ದರಿಂದ ಇಂಥವರ ಕಾಲನ್ನು ಮೃದುವಾಗಿ ನೇವರಿಸುವುದೂ ಬೇಡ, ಎಣ್ಣೆ ಹಚ್ಚಿ ಗಸಗಸ ತಿಕ್ಕುವುದೂ ಬೇಡ. ಅಂಗೈಯನ್ನು ಪೂರ್ತಿ ಊರಿ, ಅಲ್ಲಾಡಿಸದೆ, ಒಂದೆರಡು ನಿಮಿಷ ಹಿಡಿದಿಟ್ಟರೆ ಹೆಚ್ಚಿನವರಿಗೆ ಹಿತ. ಕಾಲುಚೀಲವನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡರೆ ಬೆರಳ ತುದಿಯ ಹೊಲಿಗೆ ಚರ್ಮಕ್ಕೆ ತಾಗದು. ಮೇಲಿನ ಎಲಾಸ್ಟಿಕ್ ಕಾಲಿನಲ್ಲಿ ಗುರುತು ಬೀಳಿಸಿದರೆ ಅದು ಬಿಗಿ ಎಂದೇ ಅರ್ಥ.

ರಾತ್ರಿ ಹೊದಿಕೆ ತಾಗದಿರಲು ಆಸ್ಪತ್ರೆಗಳಲ್ಲಿ ಕಾಲಿನ ಮೇಲೆ ಕಮಾನಿನಂಥ ಚೌಕಟ್ಟು ಇಡುತ್ತಾರೆ. ಮನೆಯಲ್ಲಿ ಅದಕ್ಕೊಂದು ಗಟ್ಟಿ ರಟ್ಟಿನ ಪೆಟ್ಟಿಗೆ ಸಾಕು. ಮೇಲಿನ ಮುಚ್ಚಳ ಮತ್ತು ಒಂದು ಬದಿಯನ್ನು ಪೂರ್ತಿ ಕತ್ತರಿಸಿ, ತೆರೆದ ಬದಿ ತಲೆಯ ಕಡೆ ಬರುವಂತೆ ಬೋರಲು ಹಾಕಿ ಪಾದ ಒಳಗಿಟ್ಟು ಮಲಗಬೇಕು. ಅಗಲ ಎರಡೂ ಪಾದ ಸಡಿಲವಾಗಿ ಹೊರಳುವಷ್ಟಿರಲಿ, ಎತ್ತರ ಹೆಬ್ಬೆರಳಿಗಿಂತ ನಾಲ್ಕು ಬೆರಳು ಹೆಚ್ಚಿರಲಿ. ಕತ್ತರಿಸಿದ ಅಂಚಿಗೆ ಅಂಟುಪಟ್ಟಿ ಸುತ್ತದಿದ್ದರೆ ಮರಗಟ್ಟಿದ ಕಾಲಿಗೆ ಗೀರಾಗುತ್ತದೆ. ಹೊದಿಕೆಯನ್ನು ಪೆಟ್ಟಿಗೆಯ ಮೇಲಿಂದ ಹಾಸಬೇಕು, ಹಾಸಿಗೆಯಡಿ ಸಿಕ್ಕಿಸಿ ಬಿಗಿಯಬಾರದು. ಮೀನಖಂಡದ ಉದ್ದಕ್ಕೂ ತೆಳು ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿದರೆ ಅಲ್ಲಿನ ಒತ್ತಡವೂ ತಪ್ಪುತ್ತದೆ. ಸಯಾಟಿಕಾದವರು ಮಗ್ಗುಲಾಗಿ ಮಲಗುವಾಗ ದಿಂಬನ್ನು ಮಂಡಿಗಳ ನಡುವೆ ಮಾತ್ರವಲ್ಲ, ಕಣಕಾಲಿನವರೆಗೂ ಇಡಬೇಕು. ಮೇಲಿನ ಪಾದ ಜೋತುಬಿದ್ದರೆ ಸೊಂಟ ತಿರುಚಿಕೊಂಡು ದಿಂಬಿಟ್ಟ ಪ್ರಯೋಜನವೇ ಇರದು.

ಮಣಿಕಟ್ಟಿನಲ್ಲಿ ನರ ಒತ್ತಿ, ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವವರಿಗೆ ಪಟ್ಟಿ ಕಟ್ಟಿಕೊಳ್ಳಲು ಹೇಳುತ್ತಾರೆ. ಕೊಂಡು ತಂದ ಎಷ್ಟೋ ಪಟ್ಟಿಗಳೊಳಗಿನ ಲೋಹದ ತಗಡು ಕೈಯನ್ನು ಹಿಂದಕ್ಕೆ ಬಾಗಿಸುವಂತಿರುತ್ತದೆ. ಈ ತೊಂದರೆಗೆ ಬೇಕಾದದ್ದು ನೇರ ಮಣಿಕಟ್ಟು. ತಗಡನ್ನು ಹೊರಗೆಳೆದು, ನೇರ ಮಾಡಿ ಮತ್ತೆ ಸೇರಿಸಬೇಕು. ಪಟ್ಟಿ ಹಾಕಿಯೂ ಗುಣ ಕಾಣದವರು ಮೊದಲು ಇದನ್ನು ನೋಡಿಕೊಳ್ಳಲಿ.

ಹಾಗೆಂದು ಸ್ಪರ್ಶವೇ ನೋವಾದ ಜಾಗವನ್ನು ಸದಾ ಮುಚ್ಚಿ ಕಾಪಾಡಿಕೊಂಡರೆ ಅದು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಗಾಯ, ಬೊಕ್ಕೆ ಇಲ್ಲದ ಚರ್ಮವನ್ನು ಹಗಲಿನಲ್ಲಿ ಸ್ಪರ್ಶಕ್ಕೆ ಮತ್ತೆ ಒಗ್ಗಿಸಿಕೊಳ್ಳಬೇಕು. ರೇಷ್ಮೆ, ಹಳೆಯ ಹತ್ತಿ ಬಟ್ಟೆ, ಟವೆಲ್, ಉಣ್ಣೆ ಈ ಕ್ರಮದಲ್ಲಿ ಸವರುತ್ತಾ ನುಣುಪಿನಿಂದ ಒರಟಿಗೆ ಹೋಗಬೇಕು. ನೋವಿಲ್ಲದ ಚರ್ಮದಲ್ಲಿ ಆರಂಭಿಸಿ ನೋವಿನ ಅಂಚಿಗೆ, ಅಲ್ಲಿಂದ ಒಳಕ್ಕೆ. ಒಂದು ಸಲಕ್ಕೆ 3ರಿಂದ 5 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಕಣ್ಣಿಟ್ಟು ನೋಡುತ್ತಾ ಮಾಡಬೇಕು, ಟಿವಿ ನೋಡುತ್ತಾ ಅಲ್ಲ. ತಾಗುತ್ತಿರುವುದು ಬರೀ ಬಟ್ಟೆ ಎಂದು ಮಿದುಳಿಗೆ ಕಣ್ಣೂ ಸಾಕ್ಷಿ ಹೇಳಬೇಕು. ಮುಗಿಸಿದ ಅರ್ಧ ಗಂಟೆಯಲ್ಲಿ ನೋವು ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಆ ಬಟ್ಟೆ ಇನ್ನೂ ಒರಟಾಯಿತು, ಹಿಂದಿನದಕ್ಕೆ ಮರಳಬೇಕು.

ಹಚ್ಚುವ ಔಷಧಗಳಲ್ಲಿ ಹಲವರು ಅರ್ಧಕ್ಕೆ ಬಿಡುವುದು ಕ್ಯಾಪ್ಸೈಸಿನ್ ಮುಲಾಮನ್ನು. ಮೆಣಸಿನಕಾಯಿಯ ಖಾರದ ಅಂಶವೇ ಅದು. ನರದ ನೋವಿಗೆ ಸಾಮಾನ್ಯವಾಗಿ ಬಳಸುವುದು ಶೇ 0.075ರದ್ದು. ಮೊದಲ ಒಂದೆರಡು ವಾರ ಅದು ಉರಿಸಿಯೇ ಉರಿಸುತ್ತದೆ. ಬಿಡದೆ ದಿನಕ್ಕೆ 3ರಿಂದ 4 ಸಲ ಹಚ್ಚಿದರೆ ಆ ಜಾಗದ ನರತುದಿಗಳು ಮಂದವಾಗಿ ಉರಿ ಇಳಿಯುತ್ತದೆ. ಉರಿಗೆ ಹೆದರಿ ದಿನಕ್ಕೊಮ್ಮೆ ಹಚ್ಚಿದರೆ ನರತುದಿಗಳು ಮಂದವಾಗುವುದೇ ಇಲ್ಲ, ಪ್ರತಿ ಸಲವೂ ಮೊದಲ ದಿನದ ಉರಿಯೇ! ಬಟಾಣಿ ಕಾಳಿನಷ್ಟು ತೆಗೆದು ತೆಳ್ಳಗೆ ಹರಡಬೇಕು. ಹಚ್ಚುವ ಮುಂಚೆ, ಹಚ್ಚಿದ ಕೂಡಲೇ ಬಿಸಿನೀರಿನ ಸ್ನಾನ ಬೇಡ. ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣು ಮುಟ್ಟಬಾರದು. ನೋವಿರುವುದೇ ಕೈಯಲ್ಲಾದರೆ 30 ನಿಮಿಷ ಬಿಟ್ಟು ತೊಳೆಯಬೇಕು. ಬೇಡದ ಕಡೆ ತಾಗಿದರೆ ನೀರು ಸುರಿದು ಫಲವಿಲ್ಲ, ಅದು ಕರಗುವುದು ಎಣ್ಣೆಯಲ್ಲಿ. ಎಣ್ಣೆ ಒರೆಸಿ ನಂತರ ಸೋಪು ಹಚ್ಚಬೇಕು. ಕಣ್ಣಿಗೆ ಬಿದ್ದರೆ ಮಾತ್ರ ಧಾರಾಳ ನೀರೇ ಗತಿ.

ಸರ್ಪಸುತ್ತಿನ ನಂತರದ ನೋವಿಗೆ ಕೊಡುವ ಶೇ 5ರ ಲಿಡೊಕೇನ್ (ಜಾಗ ಮರಗಟ್ಟಿಸುವ ಔಷಧ) ಪಟ್ಟಿಯನ್ನು 12 ಗಂಟೆ ಅಂಟಿಸಿ, 12 ಗಂಟೆ ಬಿಡುವು ಕೊಡಬೇಕು. ಒಮ್ಮೆಗೆ ಗರಿಷ್ಠ ಮೂರು. ಬೇಕಾದ ಅಳತೆಗೆ ಕತ್ತರಿಸಬಹುದು, ಆದರೆ ಹಿಂಬದಿಯ ಹಾಳೆ ಕೀಳುವ ಮೊದಲು. ಅದರ ಮೇಲೆ ಶಾಖ ಕೊಟ್ಟರೆ ಔಷಧ ಮಿತಿಮೀರಿ ಮೈಗೆ ಸೇರುತ್ತದೆ.

ಚರ್ಮದ ಮೇಲೆ ಮೆಲುವಾದ ವಿದ್ಯುತ್ ಹರಿಸುವ ಟೆನ್ಸ್ ಯಂತ್ರದ ತಳಹದಿ, 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಮಂಡಿಸಿದ ‘ದ್ವಾರ ನಿಯಂತ್ರಣ’ ಸಿದ್ಧಾಂತ. ಬೇರೊಂದು ಸ್ಪರ್ಶ ಬೆನ್ನುಹುರಿಗೆ ನುಗ್ಗಿದರೆ ನೋವಿನ ದಾರಿ ಕಿರಿದಾಗುತ್ತದೆ ಎಂಬುದು ಅದರ ಸಾರ. ಇದು ಎಲ್ಲರಿಗೂ ಫಲಿಸುವುದಿಲ್ಲ. ಕೊಳ್ಳುವ ಮೊದಲು ಫಿಸಿಯೋಥೆರಪಿಸ್ಟ್ ಬಳಿ ಪ್ರಯೋಗಿಸಿ ನೋಡುವುದು ಮೇಲು. ಆರಂಭಕ್ಕೆ 80ರಿಂದ 100 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಮಿಡಿತ), 30 ನಿಮಿಷ. ಜುಮ್ಮೆನ್ನುವಿಕೆ ಬಲವಾಗಿರಬೇಕು, ನೋಯಬಾರದು. ಪೂರ್ತಿ ಮರಗಟ್ಟಿದ ಚರ್ಮಕ್ಕೆ ಅಂಟಿಸಿದರೆ ಏನೂ ತಿಳಿಯದೆ ಜನ ಗುಂಡಿ ತಿರುಗಿಸುತ್ತಲೇ ಹೋಗಿ ಸುಟ್ಟುಕೊಳ್ಳುತ್ತಾರೆ. ಸ್ಪರ್ಶ ಸರಿಯಿರುವ ಮೇಲ್ಭಾಗದಲ್ಲಿ, ಅದೇ ನರದ ದಾರಿಯಲ್ಲಿ ಅಂಟಿಸಬೇಕು. ಕಚಗುಳಿಯ ಬದಲು ಸೂಜಿ ಚುಚ್ಚಿದಂತಾದರೆ ಪ್ಯಾಡಿನ ಜೆಲ್ ಒಣಗಿದೆ ಎಂದು ತಿಳಿಯಬೇಕು. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಯಾರೇ ಆಗಲಿ, ಕತ್ತಿನ ಮುಂಭಾಗಕ್ಕೆ ಅಂಟಿಸಬಾರದು.

ವ್ಯಾಯಾಮದ ಹೆಸರಿನಲ್ಲಿ ಸಯಾಟಿಕಾದವರು ಕಾಲು ಚಾಚಿ, ಬಗ್ಗಿ ಬೆರಳು ಹಿಡಿದು ಎಣಿಸುತ್ತಾ ಕೂರುತ್ತಾರೆ. ಸೈಕಲ್ಲಿನ ಬ್ರೇಕ್ ತಂತಿ ಕೊಳವೆಯೊಳಗೆ ಜಾರುವಂತೆ ನರ ಜಾರಬೇಕೇ ಹೊರತು, ಹಿಡಿದೆಳೆದರೆ ಕೆರಳುತ್ತದೆ. ಕುರ್ಚಿಯಲ್ಲಿ ಕುಳಿತು ಮಂಡಿ ನೇರ ಮಾಡುವಾಗ ತಲೆ ಮೇಲಕ್ಕೆ, ಮಂಡಿ ಮಡಚುವಾಗ ಗದ್ದ ಎದೆಯ ಕಡೆಗೆ. ಒಂದು ತುದಿ ಎಳೆದಾಗ ಇನ್ನೊಂದು ತುದಿ ಸಡಿಲವಾಗುವುದೇ ಇದರ ಗುಟ್ಟು. ಎಲ್ಲೂ ತಡೆದು ನಿಲ್ಲಿಸದೆ 10 ಸಲ, ದಿನಕ್ಕೆ ಎರಡು ಮೂರು ಬಾರಿ. ನಿಲ್ಲಿಸಿದ ಮೇಲೂ ಜೋಮು ಉಳಿದರೆ ಮಂಡಿ ನೇರ ಮಾಡುವ ಪ್ರಮಾಣ ಕಡಿಮೆ ಮಾಡಬೇಕು. ನಡಿಗೆಯಲ್ಲೂ ಅಷ್ಟೇ. ನೋವು ಏರಲು 20 ನಿಮಿಷ ಹಿಡಿಯುವುದಾದರೆ 15ಕ್ಕೇ ಕೂರಬೇಕು. ನೋವು ಕಡಿಮೆ ಇರುವ ದಿನ ಬಾಕಿ ಕೆಲಸವೆಲ್ಲ ಮುಗಿಸಿ ಮುಂದಿನ ಎರಡು ದಿನ ಹಾಸಿಗೆ ಹಿಡಿಯುವುದು ಈ ನೋವಿನವರು ಪದೇಪದೇ ಸಿಕ್ಕಿಬೀಳುವ ಬಲೆ.

ಮಾತ್ರೆಗಳ ಆಯ್ಕೆ ವೈದ್ಯರದ್ದು. ಆದರೂ ಕೆಲವು ಮಾತು ಹೇಳಲೇಬೇಕು. ಪ್ಯಾರಸಿಟಮಾಲ್, ಐಬುಪ್ರೊಫೆನ್‌ಗಳಿಗೆ ಈ ನೋವು ಅಷ್ಟಾಗಿ ಜಗ್ಗುವುದಿಲ್ಲ, ಹಾಗೆಂದು ದುಪ್ಪಟ್ಟು ನುಂಗಿದರೆ ಯಕೃತ್ತು, ಮೂತ್ರಪಿಂಡಕ್ಕೆ ಪೆಟ್ಟು. ನರದ ನೋವಿಗೆ ವೈದ್ಯರು ಬರೆಯುವ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರೆಗಬಾಲಿನ್, ಡ್ಯುಲೋಕ್ಸೆಟಿನ್‌ಗಳು ಗುಣ ತೋರಿಸಲು ವಾರಗಳು ಬೇಕು. ಮೂರನೇ ದಿನಕ್ಕೆ ‘ಕೆಲಸ ಮಾಡಲಿಲ್ಲ’ ಎಂದು ಬಿಡುವುದಾಗಲೀ, ಹಿಡಿಸಿದ ಮೇಲೆ ಒಮ್ಮೆಗೇ ನಿಲ್ಲಿಸುವುದಾಗಲೀ ತಪ್ಪು. ಗ್ಯಾಬಪೆಂಟಿನ್ ನುಂಗುವವರು ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಕುಡಿದರೆ ಎರಡು ಗಂಟೆ ಅಂತರ ಬಿಡಬೇಕು, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ‘ನರಕ್ಕೆ ಬಲ’ ಎಂದು ಚೀಟಿಯಿಲ್ಲದೆ ತಿಂಗಳುಗಟ್ಟಲೆ ಬಿ6 ಜೀವಸತ್ವ ನುಂಗುವವರೂ ಇದ್ದಾರೆ. ಬಿ6 ಅತಿಯಾದರೆ ಅದೇ ನರವನ್ನು ಕೆಡಿಸಿ ಇದೇ ಜೋಮು ತರುತ್ತದೆ. ಬಿ12 ಕೊರತೆಯಾದರೂ ನರ ಕೆಡುತ್ತದೆ, ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ಆ ಬಿ12 ಅನ್ನು ಕಡಿಮೆ ಮಾಡಬಲ್ಲದು. ಬರೀ ಊಹೆಯ ಮೇಲೆ ನುಂಗುವ ಬದಲು ರಕ್ತ ಪರೀಕ್ಷೆ ಮಾಡಿಸಲಿ.

ಯಾವ ಉಪಾಯವಾದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬೆಳಿಗ್ಗೆ, ರಾತ್ರಿ ನೋವಿಗೆ 0ಯಿಂದ 10ರೊಳಗೆ ಅಂಕ ಬರೆದಿಟ್ಟರೆ ಎರಡು ವಾರಕ್ಕೆ ಉತ್ತರ ಸಿಗುತ್ತದೆ. 7 ಇದ್ದದ್ದು 5ಕ್ಕೆ ಇಳಿದರೆ ಅದು ಗಣನೀಯ ಇಳಿಕೆಯೇ. ಸೊನ್ನೆಗೆ ಕಾದು ಕುಳಿತವರು ಒಳ್ಳೆಯ ಉಪಾಯಗಳನ್ನೂ ಬಿಟ್ಟುಬಿಡುತ್ತಾರೆ. ಮರಗಟ್ಟಿದ ಪಾದವನ್ನು ದಿನವೂ ಅಂಗಾಲಿಗೆ ಕನ್ನಡಿ ಹಿಡಿದು ನೋಡಬೇಕು. ತಿಳಿಬಣ್ಣದ ಕಾಲುಚೀಲ ಹಾಕಿದರೆ ರಕ್ತ, ಕೀವಿನ ಕಲೆ ಕೂಡಲೇ ಕಾಣುತ್ತದೆ.

ಕೆಲವು ಲಕ್ಷಣ ಕಂಡಾಗ ಈ ಉಪಾಯಗಳನ್ನೆಲ್ಲ ಬದಿಗಿಡಬೇಕು. ಮಲಮೂತ್ರದ ಹಿಡಿತ ತಪ್ಪುವುದು, ತೊಡೆಯ ಸಂದಿ ಮತ್ತು ಗುದದ ಸುತ್ತ ಮರಗಟ್ಟುವುದು, ಪಾದ ಎತ್ತಲಾಗದಿರುವುದು, ಬಲಹೀನತೆ ಗಂಟೆಗಳಲ್ಲೋ ದಿನಗಳಲ್ಲೋ ಮೇಲೇರುವುದು, ಜೋಮಿನ ಪಾದದಲ್ಲಿ ಹುಣ್ಣಾಗುವುದು. ಇವುಗಳಲ್ಲಿ ಹುಣ್ಣನ್ನು ಅದೇ ದಿನ ಅಥವಾ ಮರುದಿನ ತೋರಿಸಬೇಕು, ಉಳಿದವಕ್ಕೆ ಕೂಡಲೇ ಆಸ್ಪತ್ರೆ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಗುಳ್ಳೆಗಳೆದ್ದರೆ ಸರ್ಪಸುತ್ತಿನ ಔಷಧ 72 ಗಂಟೆಯೊಳಗೆ ಶುರುವಾಗಬೇಕು.

ಇತಿ,
ದೀರ್ಘಕಾಲದ ನೋವಿನ ಆರೈಕೆಯಲ್ಲಿ ತೊಡಗಿರುವ ಫಿಸಿಯೋಥೆರಪಿಸ್ಟ್‌ಗಳು ಮತ್ತು ಶುಶ್ರೂಷಕರು