ಸ್ಟಾರ್ಟರ್ ಬಿಚ್ಚುವ ಮುನ್ನ

ಮಾನ್ಯರೇ,

ತಿಂಗಳುಗಟ್ಟಲೆ ನಿಂತಿದ್ದ ಮಿನಿ ಟ್ರ್ಯಾಕ್ಟರ್ ಕೀ ತಿರುಗಿಸಿದರೂ ಅಲುಗದಿದ್ದರೆ ಹಲವರು ನೇರವಾಗಿ ಸ್ಟಾರ್ಟರ್ ಮೋಟಾರನ್ನೇ ಬಿಚ್ಚಿಸುತ್ತಾರೆ. ದುಡ್ಡು ದಂಡ. ಮೊದಲು ನೋಡಬೇಕಾದ್ದು ಬ್ಯಾಟರಿ.

ಮಲ್ಟಿಮೀಟರ್ ಇಟ್ಟರೆ ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಮಾಡಿಸಿ. ಚಾರ್ಜ್ ಆದ ಮೇಲೂ ಕೀ ತಿರುಗಿಸಿದ ಕ್ಷಣ 9ಕ್ಕಿಂತ ಕೆಳಗೆ ಕುಸಿದರೆ ಸಾಮಾನ್ಯವಾಗಿ ಬ್ಯಾಟರಿಯ ಕಥೆ ಮುಗಿದಂತೆ. ವೋಲ್ಟೇಜ್ ಕುಸಿಯದೆ ಬರೀ 'ಟಿಕ್' ಎಂದರೆ ಕರೆಂಟ್ ದಾರಿಯಲ್ಲೇ ತಡೆಯಿದೆ. ಮೊದಲು ನೆಗೆಟಿವ್ ಕೇಬಲ್ ಬಿಚ್ಚಿ, ಟರ್ಮಿನಲ್ಲಿನ ಕಿಲುಬನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಿರಿ. ಚಾಸಿಗೆ (ಟ್ರ್ಯಾಕ್ಟರಿನ ಕಬ್ಬಿಣದ ಚೌಕಟ್ಟಿಗೆ) ಸೇರುವ ಅರ್ತ್ ಕೇಬಲ್ಲಿನ ಬೋಲ್ಟ್ ಜಾಗವನ್ನೂ ತುಕ್ಕು, ಬಣ್ಣ ಹೋಗುವಂತೆ ಉಜ್ಜಿ ಬಿಗಿ ಮಾಡಿ. ಇದನ್ನು ಮರೆಯುವವರೇ ಹೆಚ್ಚು.

ಸದ್ದೇ ಇಲ್ಲವೆಂದರೆ ಫ್ಯೂಸ್, ಕ್ಲಚ್ ಪೆಡಲ್ ಬಳಿಯ ಸೇಫ್ಟಿ ಸ್ವಿಚ್ (ಕ್ಲಚ್ ಒತ್ತದೆ ಸ್ಟಾರ್ಟ್ ಆಗದಂತೆ ತಡೆಯುವುದು) ಸರಿಯಿವೆಯೇ, ಗೇರ್ ಮತ್ತು ಪಿಟಿಒ (ಉಪಕರಣಗಳಿಗೆ ಎಂಜಿನ್ ಶಕ್ತಿ ಕೊಡುವ ಶಾಫ್ಟ್) ಲಿವರ್‌ಗಳು ನ್ಯೂಟ್ರಲ್‌ನಲ್ಲಿವೆಯೇ ನೋಡಿ.

ಸ್ಕ್ರೂಡ್ರೈವರ್ ಇಟ್ಟು ಸೊಲೆನಾಯ್ಡ್ (ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಶಾರ್ಟ್ ಮಾಡುವ ಚಾಳಿ ಮಾತ್ರ ಬೇಡವೇ ಬೇಡ. ಹಾಗೆ ಮಾಡಿದರೆ ಸೇಫ್ಟಿ ಸ್ವಿಚ್ ಲೆಕ್ಕಕ್ಕೇ ಬರುವುದಿಲ್ಲ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿ, ಪಕ್ಕದಲ್ಲಿ ಬಗ್ಗಿ ನಿಂತವರ ಮೇಲೆಯೇ ಹಿಂದಿನ ಚಕ್ರ ಹರಿಯಬಹುದು. ಸೊಲೆನಾಯ್ಡ್ ಮೇಲಿನ ಕವರನ್ನು ಯಾರಾದರೂ ಬಿಚ್ಚಿಟ್ಟಿದ್ದರೆ ಇವತ್ತೇ ಹಾಕಿಸಿಕೊಳ್ಳಿ.

ಇಂತಿ,
ಟ್ರ್ಯಾಕ್ಟರ್ ರಿಪೇರಿ ಕೆಲಸದವರು