ಓಡೋದು ಬಿಟ್ಟ ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಓಟ ಬಿಟ್ಟುಬಿಟ್ಟೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆವಾಗಿಂದ ಅದೇ ಯೋಚನೆ. ನೋವು ಬಂದು ಬಿಟ್ಟಿದ್ದರೆ ನಾನೇನೂ ಹೇಳುತ್ತಿರಲಿಲ್ಲ. ನೀನು ಹೆದರಿ ಬಿಟ್ಟಿದ್ದೀಯ. ನಿಮ್ಮಮ್ಮನಿಗೆ ಮಂಡಿ ಆಪರೇಷನ್ ಆಯಿತು. ನಲವತ್ತು ದಾಟಿದ ಮೇಲೆ ಓಡಿದರೆ ಮಂಡಿ ಸವೆಯುತ್ತೆ ಅಂತ ಆಫೀಸಿನಲ್ಲಿ ಯಾರೋ ಅಂದರು. ಎಕ್ಸ್‌ರೇ ರಿಪೋರ್ಟಿನಲ್ಲೂ ‘ಸ್ವಲ್ಪ ಸವೆತ’ ಅಂತ ಬಂತು. ಅಲ್ಲಿಗೆ ಶೂ ಅಟ್ಟ ಸೇರಿತು.

ಮಂಡಿ ಅಂದರೆ ಗಾಡಿಯ ಟೈರ್ ಇದ್ದ ಹಾಗೆ, ಇಷ್ಟು ಕಿಲೋಮೀಟರ್ ಆದ ಮೇಲೆ ಮುಗೀತು ಅಂತ ಎಷ್ಟೋ ಜನ ನಂಬಿದ್ದಾರೆ. ಆದರೆ ಟೈರಿಗೆ ಜೀವ ಇಲ್ಲ, ಮಂಡಿಗೆ ಇದೆ. ಮೂಳೆಗಳ ತುದಿಯಲ್ಲಿ ಕಾರ್ಟಿಲೇಜ್ ಅನ್ನುವ ನುಣುಪಾದ ಪದರ ಇದೆ, ಅದಕ್ಕೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದದ್ದು ಸಿಗುವುದು ಕೀಲಿನೊಳಗಿನ ದ್ರವದಿಂದ. ಕಾಲೂರಿದಾಗ ಕಾರ್ಟಿಲೇಜ್ ಒತ್ತಿಕೊಳ್ಳುತ್ತದೆ, ಕಾಲೆತ್ತಿದಾಗ ಸಡಿಲವಾಗಿ ದ್ರವವನ್ನು ಒಳಗೆ ಎಳೆದುಕೊಳ್ಳುತ್ತದೆ. ಓಡಿದ ತಕ್ಷಣ ಸ್ಕ್ಯಾನ್ ಮಾಡಿದರೆ ಕಾರ್ಟಿಲೇಜ್ ತುಸು ತೆಳುವಾಗಿ ಕಾಣುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಇಡೀ ದಿನ ಕುರ್ಚಿಯಲ್ಲಿ ಕೂತು, ಆಮೇಲೆ ಔಟರ್ ರಿಂಗ್ ರೋಡ್ ಟ್ರಾಫಿಕ್‌ನಲ್ಲೂ ಕೂತರೆ ಮಂಡಿಗೆ ಒಳ್ಳೆಯದಾಗುತ್ತದೆ ಅಂದುಕೊಳ್ಳಬೇಡ.

2017ರಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಹಲವು ಅಧ್ಯಯನಗಳನ್ನು ಸೇರಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಹಾಕಿದ್ದರು. ಸುಮ್ನೆ ಆರೋಗ್ಯಕ್ಕೆ, ಖುಷಿಗೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆದವರು ಶೇಕಡಾ 3.5. ಓಡದೇ ಇದ್ದವರಲ್ಲಿ ಶೇಕಡಾ 10.2. ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಶೇಕಡಾ 13.3. ಗಟ್ಟಿ ಮಂಡಿ ಇರುವವರೇ ಓಡುತ್ತಾ ಉಳಿದಿರಬಹುದು, ನೋವಿದ್ದವರು ಬಿಟ್ಟಿರಬಹುದು. ಹಾಗಾಗಿ ಓಡಿದರೆ ಮಂಡಿ ನೋವೇ ಬರಲ್ಲ ಅಂತ ನಾನು ಹೇಳಲಾರೆ. ಆದರೆ ನಮ್ಮಂಥವರ ಓಟ ಮಂಡಿಯನ್ನು ತಿಂದುಹಾಕುತ್ತದೆ ಅನ್ನುವ ಮಾತಿಗೆ ಇದರಲ್ಲಿ ಜಾಗವೇ ಇಲ್ಲ.

ನಿನ್ನ ಎಕ್ಸ್‌ರೇ ವಿಷಯ. ನಮ್ಮ ವಯಸ್ಸಿನಲ್ಲಿ ಒಂದು ಚೂರೂ ನೋವಿಲ್ಲದವರ ಮಂಡಿಯಲ್ಲೂ ಇಂಥ ಸವೆತ ಕಾಣಿಸುತ್ತದೆ. ಮಂಡಿ ಸವೆದಿದೆ ಅಂತ ಗೊತ್ತಾದ ಮೇಲೂ ಓಡಿದವರನ್ನು ಅಮೆರಿಕದಲ್ಲಿ ನಾಲ್ಕು ವರ್ಷ ಗಮನಿಸಿದ್ದಾರೆ. ಎಲ್ಲರೂ 50 ದಾಟಿದವರು, ತಮಗೆ ಆದಷ್ಟು ಓಡಿದವರು. ಅದರಿಂದ ಅವರ ಸವೆತ ಜಾಸ್ತಿಯಾದದ್ದು ಕಂಡುಬರಲಿಲ್ಲ.

ಇನ್ನು ನಿಮ್ಮಮ್ಮ. ಅವರು ಯಾವತ್ತೂ ಓಡಿದವರಲ್ಲ, ಅಲ್ವಾ? ವಯಸ್ಸು, ಮೈತೂಕ, ಹಳೆಯ ಪೆಟ್ಟು, ಮನೆತನದಿಂದ ಬಂದದ್ದು, ಇವೇ ಮಂಡಿ ಸವೆತಕ್ಕೆ ದೊಡ್ಡ ಕಾರಣಗಳು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಇನ್ನೂ ಹೆಚ್ಚು. ಮನೆತನದ್ದು ನಿನ್ನ ಕೈಯಲ್ಲಿಲ್ಲ, ತೂಕ ಮತ್ತು ತೊಡೆಯ ಶಕ್ತಿ ನಿನ್ನ ಕೈಯಲ್ಲಿದೆ. ತೂಕ ಜಾಸ್ತಿ ಇರುವವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಮ್ಮಿಯಾಗುತ್ತದೆ. ಓಟ ಬಿಟ್ಟ ಮೇಲೆ ನಿನ್ನ ತೂಕ ಏರುತ್ತಿದೆ ಅಂತ ನೀನೇ ಹೇಳಿದೆ. ನನಗೆ ಚಿಂತೆ ಇರುವುದು ಅದರದ್ದೇ.

ಓಟದಿಂದ ಮಂಡಿ ನೋವು ಬರುವುದೂ ಉಂಟು. ಅದರ ಕಾರಣ ಹೆಚ್ಚಾಗಿ ಅವಸರ. ನಮ್ಮ ಬೆಂಗಳೂರಿನ 10ಕೆ, ಅಂದರೆ ಹತ್ತು ಕಿಲೋಮೀಟರ್ ಓಟ, 2008ರಿಂದ ನಡೆಯುತ್ತಿದೆ. ಅದು ಹತ್ತಿರ ಬಂತು ಅಂದರೆ ಸಾಕು, ಇಡೀ ವರ್ಷ ಅಲುಗಾಡದವರೂ ಕಬ್ಬನ್ ಪಾರ್ಕಿಗೆ ಬಂದು ಮೊದಲ ವಾರದಲ್ಲೇ ಐದಾರು ಕಿಲೋಮೀಟರ್ ಓಡುತ್ತಾರೆ. ಓಡುವ ದಮ್ಮು ಬೇಗ ಬೆಳೆಯುತ್ತದೆ, ಆದರೆ ಮೂಳೆ, ಸ್ನಾಯುರಜ್ಜು, ಕಾರ್ಟಿಲೇಜ್ ಹದವಾಗಲು ತಿಂಗಳುಗಳೇ ಬೇಕು. ಉಸಿರು ಸಾಲುತ್ತದೆ ಅಂತ ಕಾಲನ್ನು ಎಳೆದುಕೊಂಡು ಹೋದರೆ ಮಂಡಿ ಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ, ಮೆಟ್ರೋ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ಆಮೇಲೆ ಬೈಗುಳ ಮಾತ್ರ ಓಟಕ್ಕೆ.

ನೀನು ಹೀಗೆ ಮಾಡು. ಮೊದಲು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಮಂಡಿ ತೋರಿಸು. ಆಮೇಲೆ ದಿನ ಬಿಟ್ಟು ದಿನ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಇಪ್ಪತ್ತು ನಿಮಿಷ. ಪಕ್ಕದವನ ಜೊತೆ ಮಾತಾಡಲು ಆಗುವಷ್ಟೇ ವೇಗ ಇರಲಿ. ಹೆಜ್ಜೆ ಚಿಕ್ಕದಿರಲಿ. ಉದ್ದುದ್ದ ಹೆಜ್ಜೆ ಹಾಕಿ ಕಾಲನ್ನು ಮುಂದೆ ಚಾಚಿದಷ್ಟೂ ಮಂಡಿಯ ಮೇಲೆ ಭಾರ ಹೆಚ್ಚು. ಓಡದ ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಮಾಡು, ತೊಡೆಗೆ ಒಳ್ಳೆಯದು. ನಿಮ್ಮ ಏರಿಯಾದ ಫುಟ್‌ಪಾತ್ ಮೇಲೆ ಓಡಬೇಡ. ಎದ್ದ ಕಲ್ಲಿಗೆ ಎಡವಿ ಮಂಡಿ ತಿರುಚಿ, ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದರೆ, ಮುಂದೆ ಸವೆತಕ್ಕೆ ಅದೇ ನಿಜವಾದ ಕಾರಣ ಆಗುತ್ತದೆ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿಗಳು ಇರಲ್ಲ, ಅಲ್ಲಿಗೆ ಹೋಗು.

ಸ್ವಲ್ಪ ಬಿಗಿತ ಇದ್ದು ಮರುದಿನಕ್ಕೆ ಹೋದರೆ ಹೆದರಬೇಡ. ಮಂಡಿ ಊದಿದರೆ, ಮಡಚಲು ಬಿಡಿಸಲು ಆಗದೆ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಕುಸಿದಂತೆ ಆದರೆ ಆವತ್ತೇ ಓಟ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಹೋಗು. ಮಾತ್ರೆ ನುಂಗಿ ಓಡುವುದು ಬೇಡವೇ ಬೇಡ.

ಫಿಸಿಯೋ ಏನಂದರು ಅಂತ ಬರೆ. ನಿಮ್ಮಮ್ಮನಿಗೂ ಆಪರೇಷನ್ ಆದ ಮೇಲೆ ಹೇಳಿಕೊಟ್ಟ ವ್ಯಾಯಾಮ ಬಿಡಬೇಡಿ ಅಂತ ನಾನು ಹೇಳಿದೆ ಅನ್ನು.

ನಿನ್ನ,
ಸುರೇಶ